ಫ್ಯಾಟಿ ಲಿವರ್ ಇದ್ದವರು ತೂಕ ಇಳಿಸುವ ಆಪರೇಷನ್ ಮಾಡಿಸುವಾಗ

ಸ್ಕ್ಯಾನಿಂಗ್ ಚೀಟಿಯಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಎಂದಿದ್ದರೆ ಅದು ಕೊಬ್ಬಿನ ಲೆಕ್ಕ ಮಾತ್ರ. ಲಿವರ್ ಎಷ್ಟು ಗಟ್ಟಿಯಾಗಿದೆ, ಅಂದರೆ ಫೈಬ್ರೋಸಿಸ್ ಎಷ್ಟು ಎಂಬುದು ಆ ಚೀಟಿಯಿಂದ ಗೊತ್ತಾಗದು. ಆಪರೇಷನ್‌ಗೆ ದಿನ ಗೊತ್ತುಮಾಡುವ ಮೊದಲೇ ಅದನ್ನು ತಿಳಿಯಬೇಕು.

ಮೊದಲ ಜರಡಿ ಫಿಬ್-4, ಅಂದರೆ ರಕ್ತಪರೀಕ್ಷೆಯ ಅಂಕಿಗಳಿಂದ ಫೈಬ್ರೋಸಿಸ್ ಅಂದಾಜು ಮಾಡುವ ಲೆಕ್ಕ. ಇದರಲ್ಲಿ ಬರುವ ಎಎಸ್‌ಟಿ, ಎಎಲ್‌ಟಿ ಎರಡೂ ರಕ್ತಪರೀಕ್ಷೆಯಲ್ಲಿ ಕಾಣುವ ಲಿವರ್ ಕಿಣ್ವಗಳು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ಹಿಡಿದು (2 ಲಕ್ಷವಿದ್ದರೆ 200) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 50, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ ಉತ್ತರ 1.88. 1.3ರ ಒಳಗಿದ್ದರೆ ಗಂಭೀರ ಫೈಬ್ರೋಸಿಸ್ ಸಾಧ್ಯತೆ ಕಡಿಮೆ. ಮೀರಿದರೆ ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಬೇಕು. ಅದಕ್ಕೆ 3 ಗಂಟೆ ಹೊಟ್ಟೆ ಖಾಲಿ ಇರಲಿ, ದಪ್ಪ ಮೈಯವರು ಎಕ್ಸ್‌ಎಲ್ ಪ್ರೋಬ್ ಇದೆಯೇ ಎಂದು ಕೇಳಿ. ಸಿರೋಸಿಸ್ (ಫೈಬ್ರೋಸಿಸ್ ಮಿತಿಮೀರಿದ ಕೊನೆಯ ಹಂತ) ಆಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಈ ಆಪರೇಷನ್ ಅಪಾಯ.

ಆಪರೇಷನ್‌ಗೆ 2 ವಾರ ಮುಂಚೆ ದಿನಕ್ಕೆ 800ರಿಂದ 1,200 ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಲಿವರಿನ ಎಡಭಾಗ ಜಠರದ ಮೇಲೆಯೇ ಮಲಗಿರುತ್ತದೆ. ಕೊಬ್ಬು ತುಂಬಿ ಊದಿದ್ದರೆ ಸರ್ಜನ್‌ಗೆ ಎತ್ತಿಹಿಡಿಯುವುದೇ ಕಷ್ಟ, ರಕ್ತಸ್ರಾವವೂ ಆಗಬಹುದು. ಪಥ್ಯದಿಂದ ಅದು ಕುಗ್ಗುತ್ತದೆ. ಮಂಡ್ಯದ ಕಡೆಯವರು ಕಬ್ಬಿನ ಹಾಲು, ಬೆಲ್ಲದ ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ಪಥ್ಯ ಶುರುವಾಗುವ ದಿನವೇ ವೈದ್ಯರು ಬದಲಿಸಬೇಕು, ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ.

ಫಲ ನಿಜಕ್ಕೂ ದೊಡ್ಡದು. 2023ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ 1 ವರ್ಷದ ನಂತರ ಲಿವರಿನ ಉರಿಯೂತ ವಾಸಿಯಾದದ್ದು ಬೈಪಾಸ್‌ನಲ್ಲಿ (ಜಠರ ಚಿಕ್ಕದು ಮಾಡಿ ನೇರ ಕರುಳಿನ ಕೆಳಭಾಗಕ್ಕೆ ಜೋಡಿಸುವ ಆಪರೇಷನ್) ಶೇ. 56, ಸ್ಲೀವ್‌ನಲ್ಲಿ (ಜಠರದ ಹೆಚ್ಚಿನ ಭಾಗ ಕತ್ತರಿಸಿ ತೆಗೆಯುವ ಆಪರೇಷನ್) ಶೇ. 57 ಮಂದಿಗೆ, ಊಟ-ವ್ಯಾಯಾಮ ಬದಲಿಸಿಕೊಂಡವರಲ್ಲಿ ಶೇ. 16.

ಕೆಡುವುದು ಹೆಚ್ಚಾಗಿ ಆಮೇಲಿನ ಊಟದಲ್ಲಿ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ, ಕಿರಿದಾದ ಜಠರಕ್ಕೆ ಅದು ಆಗಿಬರದು: ಸಿಕ್ಕಿಕೊಂಡು ವಾಂತಿಯಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮುದ್ದೆ ಬೇಡ. ಬೇಳೆ ಬೇಯಿಸಿದ ಕಟ್ಟು ಕುಡಿಸಿ ಪ್ರೋಟೀನ್ ಆಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು; ಪ್ರೋಟೀನ್ ಹೆಚ್ಚಾಗಿ ಬೇಳೆಯಲ್ಲೇ ಉಳಿದಿರುತ್ತದೆ. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18. ಮೆತ್ತನೆಯ ಊಟದ ಹಂತ ಬಂದಾಗ ನುಣ್ಣಗೆ ಅರೆದ ಬೇಳೆ, ಮೊಸರು, ಮೀನು, ಮೆತ್ತಗೆ ಬೆಂದ ಕೋಳಿ ಸೇರಿಸಿ. ಅಷ್ಟಕ್ಕೂ ಸಾಲದೆ ಹೋದರೆ ಪ್ರೋಟೀನ್ ಪುಡಿ. ಪ್ರೋಟೀನ್ ಇಲ್ಲದೆ ತೂಕ ಸರ್ರನೆ ಇಳಿದರೆ ಸ್ನಾಯು ಕರಗುತ್ತದೆ, ಲಿವರಿಗೂ ಪೆಟ್ಟು ಬೀಳಬಹುದು.

ವಾಂತಿ ಕೆಲವು ದಿನ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಆಪರೇಷನ್ ಆಗಿದೆ ಎಂದು ಮೊದಲು ಹೇಳಿ. ಥಯಾಮಿನ್ (ವಿಟಮಿನ್ ಬಿ1) ಕೊಡದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಮೆದುಳಿಗೆ ಹಾನಿಯಾಗಬಹುದು. ಪಿತ್ತಕೋಶದ ಕಲ್ಲು ತಡೆಯಲು 6 ತಿಂಗಳು ಅರ್ಸೋ ಮಾತ್ರೆ ಬರೆದಿದ್ದರೆ ನಡುವೆ ಬಿಡಬೇಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ನಡುವೆ 2 ಗಂಟೆ ಅಂತರ ಬೇಕು. ಕುಡಿತ ಪೂರ್ತಿ ಬಿಡಿ: ಆಪರೇಷನ್ ಆದ ಮೈಗೆ ಸಾರಾಯಿ ಬೇಗ ಏರುತ್ತದೆ.

ಲಿವರ್ ಪರೀಕ್ಷೆ 3, 6, 12ನೇ ತಿಂಗಳಲ್ಲಿ, ವರ್ಷಕ್ಕೆ ಫೈಬ್ರೋಸ್ಕ್ಯಾನ್. ಕೊಬ್ಬು ತಿಂಗಳುಗಳಲ್ಲಿ ಕರಗುತ್ತದೆ, ಫೈಬ್ರೋಸಿಸ್ ಇಳಿಯಲು ವರ್ಷಗಳೇ ಬೇಕು. ಮೊದಲೇ ಸಿರೋಸಿಸ್ ಇದ್ದವರು 40 ಕೆಜಿ ಇಳಿದಿದ್ದರೂ ಕ್ಯಾನ್ಸರ್ ಪತ್ತೆಗೆ 6 ತಿಂಗಳಿಗೊಮ್ಮೆ ಮಾಡಿಸುವ ಅಲ್ಟ್ರಾಸೌಂಡ್ ನಿಲ್ಲಿಸಬಾರದು.