ಭತ್ತದ ಕಂದು ಚುಕ್ಕೆ ರೋಗ: ಶಿಲೀಂಧ್ರದ ವಿಷವನ್ನು ತಾಳಿಕೊಳ್ಳುವಂತೆ ಪೈರನ್ನು ಬೆಳೆಸುವುದು ಹೇಗೆ

ಕೊಡಗಿನ ಗದ್ದೆಗಳಲ್ಲಿ ಎಲೆಯ ಮೇಲೆ ಕಲೆ ಕಂಡೊಡನೆ ಅದನ್ನು ಬೆಂಕಿ ರೋಗವೆಂದೇ ತಿಳಿದು ಔಷಧಿ ಸಿಂಪಡಿಸುವವರಿದ್ದಾರೆ. ಮೊದಲು ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಬೇಕು. ಬೆಂಕಿ ರೋಗದ ಕಲೆ ಎರಡೂ ತುದಿಗಳಲ್ಲಿ ಚೂಪಾಗಿದ್ದು ನಡುವೆ ಬೂದಿ ಬಣ್ಣಕ್ಕಿರುತ್ತದೆ. ಕಂದು ಚುಕ್ಕೆ ರೋಗದ ಕಲೆ ಎಳ್ಳಿನ ಕಾಳಿನಂತೆ ಅಂಡಾಕಾರವಾಗಿದ್ದು ಅದರ ಸುತ್ತ ಹಳದಿ ಅಂಚು ಕಾಣುತ್ತದೆ. ಆ ಹಳದಿ ಅಂಚು ವಿಷದ ಗುರುತು. ಈ ರೋಗ ತರುವ ಬೈಪೋಲಾರಿಸ್ ಒರೈಝೆ ಎಂಬ ಶಿಲೀಂಧ್ರವು ಓಫಿಯೋಬೋಲಿನ್ ಮುಂತಾದ ವಿಷಗಳನ್ನು ಸ್ರವಿಸಿ, ಜೀವಕೋಶಗಳ ಪೊರೆಯನ್ನು ಕೆಡಿಸಿ, ಒಳಗಿನ ಲವಣಗಳು ಸೋರಿಹೋಗುವಂತೆ ಮಾಡುತ್ತದೆ.

ಗಿಡಗಳು ಇಂತಹ ವಿಷಗಳನ್ನು ಸುಮ್ಮನೆ ಸಹಿಸಿಕೊಂಡಿರುವುದಿಲ್ಲ. ವಿಷದ ಅಣುವಿಗೆ ಸಕ್ಕರೆಯನ್ನೋ ಕೋಶದಲ್ಲೇ ಇರುವ ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನೋ ಅಂಟಿಸಿ, ಕೋಶದೊಳಗಿನ ರಸ ತುಂಬಿದ ಚೀಲವಾದ ರಸಕುಹರದಲ್ಲಿ ಕೂಡಿಹಾಕುವುದು ಒಂದು ದಾರಿ, ಕಿಣ್ವದ ನೆರವಿನಿಂದ ಅಣುವಿನ ರಚನೆಯನ್ನೇ ಬದಲಿಸುವುದು ಇನ್ನೊಂದು. ಕಂದು ಚುಕ್ಕೆಯ ಶಿಲೀಂಧ್ರಕ್ಕೆ ಹತ್ತಿರದ ಸಂಬಂಧಿಯೊಂದು ಮೆಕ್ಕೆಜೋಳದ ಮೇಲೆ ಎಚ್‌ಸಿ ಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಅದನ್ನು ನಿರ್ವಿಷಗೊಳಿಸುವ ಕಿಣ್ವವನ್ನು ರೂಪಿಸುವ ಎಚ್‌ಎಂ1 ವಂಶವಾಹಿಯನ್ನು 1992ರಲ್ಲಿ ಪ್ರತ್ಯೇಕಿಸಲಾಯಿತು. ಸಸ್ಯಗಳ ರೋಗನಿರೋಧಕ ವಂಶವಾಹಿಗಳಲ್ಲಿ ಹೀಗೆ ಕೈಗೆ ಸಿಕ್ಕ ಮೊದಲನೆಯದು ಅದೇ. ಆದರೆ ಭತ್ತದಲ್ಲಿ ಕಂದು ಚುಕ್ಕೆಗೆ ಇರುವ ನಿರೋಧಶಕ್ತಿ ಹಲವು ವಂಶವಾಹಿಗಳಲ್ಲಿ ಹಂಚಿಹೋಗಿರುವುದರಿಂದ, ತಳಿಯೊಂದನ್ನೇ ನಂಬಿ ಕೂರದೆ ಗದ್ದೆಯ ಪೋಷಣೆಯನ್ನು ಸರಿಪಡಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ರೋಗ ಹಸಿದ ಮಣ್ಣಿನ ರೋಗ. ಪೊಟ್ಯಾಷ್ ಮತ್ತು ಸಿಲಿಕಾ ಕಡಿಮೆಯಾದ ಗದ್ದೆಯಲ್ಲಿ ಅದು ಬೇಗ ಉಲ್ಬಣಿಸುತ್ತದೆ. ಇಲ್ಲಿನ ಜಡಿಮಳೆಗೆ ಪೊಟ್ಯಾಷ್ ತೊಳೆದುಹೋಗುವುದಲ್ಲದೆ, ಪೈರು ಹೀರಿಕೊಂಡ ಪೊಟ್ಯಾಷಿನ ಬಹುಪಾಲು ಹುಲ್ಲಿನಲ್ಲೇ ಉಳಿದು, ಹುಲ್ಲಿನ ಜೊತೆಗೆ ಕೊಟ್ಟಿಗೆಗೆ ಸಾಗಿಬಿಡುತ್ತದೆ. ಆದ್ದರಿಂದ ಕೊಟ್ಟಿಗೆ ಗೊಬ್ಬರವನ್ನು ತೋಟಕ್ಕೆ ಮಾತ್ರ ಹಾಕದೆ ಗದ್ದೆಗೂ ಮರಳಿಸಬೇಕು. ಗಿರಣಿಯಲ್ಲಿ ಸಿಗುವ ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಅದನ್ನು ಸಸಿಮಡಿಯ ಮಣ್ಣಿಗೆ ಬೆರೆಸಬೇಕು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದ ಪೊಟ್ಯಾಷನ್ನು ಒಂದೇ ಸಲ ಸುರಿಯದೆ, ಅರ್ಧವನ್ನು ನಾಟಿಯ ವೇಳೆಗೂ ಉಳಿದರ್ಧವನ್ನು ತೆನೆ ಮೂಡುವ ಹಂತಕ್ಕೂ ಕೊಡಬೇಕು. ಯೂರಿಯಾ ಹೆಚ್ಚಾದರೆ ಬೆಂಕಿ ರೋಗ ಬಲಿಯುತ್ತದೆ ನಿಜ, ಆದರೆ ಇದನ್ನೂ ಬೆಂಕಿ ರೋಗವೆಂದು ತಪ್ಪಾಗಿ ತಿಳಿದು ಯೂರಿಯಾವನ್ನು ಪೂರ್ತಿ ನಿಲ್ಲಿಸಿದರೆ ಕಂದು ಚುಕ್ಕೆ ಇನ್ನಷ್ಟು ಹೆಚ್ಚುತ್ತದೆ.

ರೋಗ ಬೀಜದ ಮೂಲಕವೂ ಬರುತ್ತದೆ. ಬಿತ್ತನೆಗೆ ಮುನ್ನ ಬೀಜವನ್ನು 8 ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಳಿಕ ಸಡಿಲವಾದ ಬಟ್ಟೆಯ ಗಂಟಿನಲ್ಲಿ ಕಟ್ಟಿ, 53ರಿಂದ 54 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 10ರಿಂದ 12 ನಿಮಿಷ ಮುಳುಗಿಸಿಡಬೇಕು. ಬಿಸಿಯನ್ನು ಕೈಯಿಂದ ಅಂದಾಜು ಮಾಡಬಾರದು, ಥರ್ಮಾಮೀಟರ್ ಬೇಕೇ ಬೇಕು: ಬಿಸಿ ಏರಿದರೆ ಮೊಳಕೆ ಸಾಯುತ್ತದೆ, ಇಳಿದರೆ ಶಿಲೀಂಧ್ರ ಉಳಿಯುತ್ತದೆ. ಗಂಟನ್ನು ಆಗಾಗ ತಿರುವುತ್ತಿದ್ದರೆ ನಡುವಿನ ಕಾಳಿಗೂ ಬಿಸಿ ತಾಗುತ್ತದೆ. ತೆಗೆದ ಕೂಡಲೇ ತಣ್ಣೀರಿನಲ್ಲಿ ಅದ್ದಿ ಮೊಳಕೆಗೆ ಕಟ್ಟಬಹುದು.

ಸುಗ್ಗಿಯ ಹಬ್ಬವಾದ ಹುತ್ತರಿಯ ನಂತರ ಮುಂದಿನ ವರ್ಷಕ್ಕೆ ಬೀಜ ತೆಗೆದಿಡುವಾಗ, ಸಿಪ್ಪೆಯ ಮೇಲೆ ಕಪ್ಪು ಕಲೆಯಿರುವ ಕಾಳುಗಳಿರುವ ತೆನೆಗಳನ್ನು ಕಣದಲ್ಲೇ ಬೇರ್ಪಡಿಸಬೇಕು.