ಬಜ್ಪೆಯ ಬಿಳಿ ವಿಮಾನ ಫೋಟೊದಲ್ಲೂ ಬೆಳ್ಳಗೆ ಕಾಣಬೇಕಾದರೆ

ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಸುತ್ತ ಕಣಿವೆ. ಕೆಳಗಿನ ರಸ್ತೆಯಲ್ಲಿ ನಿಂತವರಿಗೆ ಇಳಿಯುವ ವಿಮಾನದ ಹೊಟ್ಟೆಯೇ ಜಾಸ್ತಿ ಕಾಣುವುದು. ಹೊಟ್ಟೆ ನೆರಳಿನಲ್ಲಿರುತ್ತದೆ, ಹಿಂದೆ ಕರಾವಳಿಯ ಬಿಳಿಚಿದ ಆಕಾಶ. ಫ್ರೇಮ್ ತುಂಬ ಬೆಳಕಿದ್ದರೆ ಕ್ಯಾಮೆರಾ ಅದನ್ನು ಬೂದು ಬಣ್ಣದ ಮಟ್ಟಕ್ಕೆ ಇಳಿಸಿಬಿಡುತ್ತದೆ. ಕಣ್ಣಿಗೆ ಹೊಳೆದ ವಿಮಾನ ಫೋಟೊದಲ್ಲಿ ಬೂದಿ ಬಳಿದ ಹಾಗೆ ಬರುವುದು ಇದರಿಂದಲೇ.

ಅರ್ಧ ಕೆಲಸ ಫೋಟೊ ತೆಗೆಯುವಾಗಲೇ ಆಗಬೇಕು. ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ತಾನಾಗಿ ತಿದ್ದದೆ ಉಳಿಸುವ ಮೂಲ ಫೈಲ್‌ನಲ್ಲೇ ತೆಗೆಯಿರಿ. ಮೋಡ ಕವಿದ ದಿನ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಅಳೆದದ್ದಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7 ಅಥವಾ +1 ಇಡಿ. ವಿಮಾನಕ್ಕೆ ಬಿಸಿಲು ಬಿದ್ದು ಹಿಂದೆ ನೀಲಿ ಆಕಾಶವಿದ್ದರೆ ಸೊನ್ನೆಯೇ ಸಾಕು. ಪ್ರೊಪೆಲ್ಲರ್ ಇರುವ ಎಟಿಆರ್ 72 ವಿಮಾನ ಬಂದರೆ ಶಟರ್ ವೇಗ 1/250 ಅಥವಾ ಅದಕ್ಕಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಪ್ರೊಪೆಲ್ಲರ್ ತಿರುಗದೆ ನಿಂತ ಹಾಗೆ ಕಾಣುತ್ತದೆ. ಬೇಲಿಗೆ ಅಂಟಿಕೊಂಡು ನಿಲ್ಲಬೇಡಿ; ಭದ್ರತಾ ಸಿಬ್ಬಂದಿ ಬೇಡ ಅಂದರೆ ಕ್ಯಾಮೆರಾ ಒಳಗಿಡಿ.

ಮನೆಗೆ ಬಂದ ಮೇಲೆ ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿಯೇ ಕಾಣಿಸುವ ಹೊಂದಾಣಿಕೆ. ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಡ್ರಾಪರ್ (ಬಣ್ಣ ಆರಿಸುವ ಸಾಧನ) ಹಿಡಿದು ವಿಮಾನದ ಮೈಯಲ್ಲಿ ಬಿಸಿಲು ಬಿದ್ದ ಬಿಳಿ ಜಾಗದ ಮೇಲೆ ಕ್ಲಿಕ್ ಮಾಡಿ. ಹೊಟ್ಟೆಯ ಮೇಲೆ ಮಾತ್ರ ಬೇಡ. ವಿಮಾನ ಕೆಳಗಿಳಿದಂತೆ ಗುಡ್ಡದ ಹಸಿರು, ಕೆಂಪು ಮುರಕಲ್ಲಿನ ಮಣ್ಣು ಎರಡೂ ಅಲ್ಲಿ ಪ್ರತಿಫಲಿಸುತ್ತವೆ. ಅದನ್ನೇ ಬಿಳಿ ಎಂದು ಹೇಳಿದರೆ ಇಡೀ ಚಿತ್ರದ ಬಣ್ಣ ಕೆಡುತ್ತದೆ. ಸೂರ್ಯಾಸ್ತದ ಫೋಟೊಗೆ ಡ್ರಾಪರ್ ಮುಟ್ಟಲೇಬೇಡಿ, ಸಂಜೆಯ ಹೊನ್ನಿನ ಬಣ್ಣವೇ ಹೊರಟುಹೋಗುತ್ತದೆ.

ಆಮೇಲೆ ಎಕ್ಸ್‌ಪೋಶರ್. ಚಿತ್ರದ ಕತ್ತಲೆ-ಬೆಳಕನ್ನು ತೋರಿಸುವ ನಕ್ಷೆ ಹಿಸ್ಟೋಗ್ರಾಮ್‌ನ ಗುಡ್ಡ ಬಲಗಡೆಗೆ ಸರಿಯಲಿ, ಬಲ ಅಂಚಿನ ಗೋಡೆಗೆ ಮಾತ್ರ ತಾಗಬಾರದು. ಕಂಪ್ಯೂಟರಿನಲ್ಲಿ ಆಲ್ಟ್ ಕೀ ಒತ್ತಿ ಹಿಡಿದು ಅತಿ ಬೆಳಕಿನ ಭಾಗಗಳನ್ನು ಏರಿಳಿಸುವ ವೈಟ್ಸ್ ಸ್ಲೈಡರ್ ಎಳೆಯಿರಿ. ಪರದೆ ಪೂರ್ತಿ ಕಪ್ಪಾಗುತ್ತದೆ. ವಿವರ ಸುಟ್ಟುಹೋಗುವ ಜಾಗ ಮಾತ್ರ ಚುಕ್ಕಿಗಳಾಗಿ ಮಿನುಗುತ್ತದೆ. ಮೊದಲ ಚುಕ್ಕಿ ಕಂಡ ಕೂಡಲೇ ಒಂಚೂರು ಹಿಂದೆ ಬನ್ನಿ. ನನಗೆ ಈ ಒಂದು ಅಭ್ಯಾಸದಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ. ಬಾಗಿಲಿನ ಅಂಚು, ಕಿಟಕಿಯ ಸುತ್ತಿನ ಗೆರೆ ಎಲ್ಲ ಉಳಿಯುತ್ತವೆ.

ಹೊಟ್ಟೆಯ ಕತ್ತಲೆಗೆ ನೆರಳಿನ ಭಾಗ ಎತ್ತುವ ಶ್ಯಾಡೋಸ್ ಸ್ಲೈಡರ್ +20, +30 ಸಾಕು. ಅದಕ್ಕಿಂತ ಎತ್ತಿದರೆ ಅಲ್ಲಿ ಮರಳು ಚೆಲ್ಲಿದ ಹಾಗೆ ನಾಯ್ಸ್ ಬರುತ್ತದೆ, ರೆಕ್ಕೆಯ ಅಂಚಿಗೆ ಬಿಳಿ ಗೆರೆ ಹುಟ್ಟುತ್ತದೆ. ಆ ಭಾಗಕ್ಕಷ್ಟೇ ಮಾಸ್ಕ್ ಹಾಕಿ, ಅಂದರೆ ಅಷ್ಟನ್ನೇ ಆರಿಸಿಕೊಂಡು ಮಾಡುವುದು ಒಳ್ಳೆಯದು.

ನಮ್ಮ ಸೆಕೆಯ ಗಾಳಿಯ ಮಸುಕಿಗೆ, ಮಸುಕು ತೆಗೆಯುವ ಡಿಹೇಜ್ ಸ್ಲೈಡರ್ 10ರಿಂದ 15. ಆದರೆ ಬಿಸಿಲಿಗೆ ರನ್‌ವೇ ಮೇಲೆ ಗಾಳಿ ಅಲೆಯಾಡಿ ಕದಡಿದ ಚಿತ್ರವನ್ನು ಯಾವ ಸ್ಲೈಡರೂ ಸರಿಮಾಡುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಸುಮ್ನೆ ಹೋಗಿ ಫಲವಿಲ್ಲ, ಬೆಳಿಗ್ಗೆ ಎದ್ದು ಹೋಗಿ. ಒಂದು ಮಳೆ ಸುರಿದು ನಿಂತ ಗಳಿಗೆ ಸಿಕ್ಕರೆ ಇನ್ನೂ ಚೆಂದ.

ಬಣ್ಣದ ಸರದಿ ಕೊನೆಗೆ. ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಏರಿಸುವ ಸ್ಯಾಚುರೇಶನ್ ಬಿಟ್ಟು ವೈಬ್ರೆನ್ಸ್ ಬಳಸಿ. ಅದು ಮಂಕು ಬಣ್ಣಗಳನ್ನೇ ಹೆಚ್ಚು ಎತ್ತುತ್ತದೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರಲ್ಲಿ ತಂದ ಹೊಸ ಬಣ್ಣಗಳಲ್ಲಿ ಕಿತ್ತಳೆ ಮೊದಲೇ ಜೋರು. ಅದನ್ನು ಇನ್ನೂ ಏರಿಸಿದರೆ ಬಾಲದ ಮೇಲಿನ ಚಿತ್ತಾರ ಕರಗಿ ಒಂದೇ ಬಣ್ಣದ ಮುದ್ದೆಯಾಗುತ್ತದೆ. ಆಕಾಶ ಇನ್ನಷ್ಟು ನೀಲಿ ಬೇಕು ಎಂದು ನೀಲಿ ಸ್ಲೈಡರ್ ಎಳೆದರೆ ವಿಮಾನದ ಮೇಲಿನ ನೀಲಿಯೂ ಬದಲಾಗುತ್ತದೆ, ಅಲ್ವಾ? ಆಕಾಶಕ್ಕೆ ಬೇರೆಯೇ ಮಾಸ್ಕ್ ಹಾಕಿ.

ಫೈಲ್ ಹೊರತೆಗೆಯುವಾಗ (ಎಕ್ಸ್‌ಪೋರ್ಟ್) ಹೆಚ್ಚಿನ ಪರದೆಗಳಿಗೆ ಹೊಂದುವ ಬಣ್ಣದ ಮಾನದಂಡ ಎಸ್‌ಆರ್‌ಜಿಬಿ ಆಯ್ಕೆ ಮಾಡಿ. ಬೇರೆಯದಾದರೆ ಕೆಲವು ಫೋನ್‌ಗಳಲ್ಲಿ ಬಣ್ಣ ಮತ್ತೆ ಮಂಕಾಗುತ್ತದೆ.