ಪೆನ್ನಿನ ಲ್ಯಾಪ್‌ಟಾಪ್: ಮೊದಲು ಪೆನ್ನು ನೋಡಿ, ಆಮೇಲೆ ಪ್ರೊಸೆಸರ್

“ಟಚ್ ಸ್ಕ್ರೀನ್ ಉಂಟು, ಪೆನ್ನೂ ನಡೀತದೆ” ಎಂದು ಅಂಗಡಿಯವರು ಹೇಳಿದರೆ ಅಷ್ಟಕ್ಕೇ ದುಡ್ಡು ಎಣಿಸಬೇಡಿ. ಬೆರಳು ತಾಗಿದರೆ ಕೆಲಸ ಮಾಡುವ ಎಷ್ಟೋ ಪರದೆಗಳಿಗೆ ಪೆನ್ನಿನ ಸೌಲಭ್ಯವೇ ಇರುವುದಿಲ್ಲ. ಅದರ ಜೊತೆ ಪುಕ್ಕಟೆ ಕೊಡುವ ರಬ್ಬರ್ ತುದಿಯ ಕಡ್ಡಿ ಬೆರಳಿನ ಕೆಲಸವನ್ನಷ್ಟೇ ಮಾಡುತ್ತದೆ: ಒತ್ತಿದರೂ ಗೆರೆ ದಪ್ಪವಾಗುವುದಿಲ್ಲ, ಅಂಗೈ ಊರಿದರೆ ಪುಟದ ತುಂಬ ಗೀಚು. ನೋಟ್ಸ್ ಬರೆಯಲು ಬೇಕಾದದ್ದು, ಬೆರಳು ಬೇರೆ ಪೆನ್ನು ಬೇರೆ ಎಂದು ಪರದೆಗೆ ಗೊತ್ತಾಗುವಂಥ ಆ್ಯಕ್ಟಿವ್ ಪೆನ್.

ಅದರಲ್ಲೂ ಹಲವು ಜಾತಿ. ಒಂದರ ಪೆನ್ನು ಇನ್ನೊಂದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಸ್ಯಾಮ್‌ಸಂಗ್‌ನ ಎಸ್ ಪೆನ್, ಪೆನ್ ತಂತ್ರಜ್ಞಾನದ ಕಂಪನಿ ವಾಕಾಮ್‌ನ ಇಎಂಆರ್ ತಂತ್ರದ್ದು. ಪರದೆಯ ಹಿಂದಿರುವ ಹಾಳೆಯೇ ಪೆನ್ನಿಗೆ ಶಕ್ತಿ ಕೊಡುವುದರಿಂದ ಬರೆಯಲು ಸೆಲ್ಲೂ ಬೇಡ, ಚಾರ್ಜೂ ಬೇಡ. ವಿಂಡೋಸ್ ಯಂತ್ರಗಳಲ್ಲಿ ಹೆಚ್ಚಾಗಿ ಸಿಗುವುದು ಮೈಕ್ರೋಸಾಫ್ಟ್‌ನ ಎಂಪಿಪಿ, ಕೆಲವದರಲ್ಲಿ ವಾಕಾಮ್‌ನದೇ ಎಇಎಸ್. ಗೂಗಲ್‌ನ ಕ್ರೋಮ್ ಓಎಸ್ ನಡೆಸುವ ಕ್ರೋಮ್‌ಬುಕ್‌ಗಳಲ್ಲಿ ಹಲವದ್ದು ಯುಎಸ್‌ಐ. ಐಪ್ಯಾಡ್‌ಗೆ ಆಪಲ್ ಪೆನ್ಸಿಲ್. ಅದರ ಯುಎಸ್‌ಬಿ-ಸಿ ಮಾದರಿಗೆ ಒತ್ತಡ ಗೊತ್ತಾಗುವುದಿಲ್ಲ. ಲೆಕ್ಕ ಬಿಡಿಸಲು ಅಡ್ಡಿಯಿಲ್ಲ, ಚಿತ್ರ ಬರೆಯುವ ಮಕ್ಕಳಿಗೆ ಸಾಲದು. ಇನ್ನು 4096 ಒತ್ತಡ ಮಟ್ಟ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಬರವಣಿಗೆಗೆ 1024 ಧಾರಾಳ.

ಎಂಪಿಪಿ ಮತ್ತು ಎಇಎಸ್ ಪೆನ್ನುಗಳಲ್ಲಿ ಕೆಲವಕ್ಕೆ ಎಎಎಎ ಸೆಲ್ ಬೇಕು. ಟಿವಿ ರಿಮೋಟಿನ ಎಎಎ ಅಲ್ಲ, ಅದಕ್ಕಿಂತ ಸಪೂರದ್ದು, ನಾಲ್ಕು ‘ಎ’ಯದ್ದು. ಊರ ಕಿರಾಣಿ ಅಂಗಡಿಯಲ್ಲಿ ಇದನ್ನು ನಂಬಿ ಕೂರುವಂತಿಲ್ಲ, ತರಿಸುವಾಗಲೇ ನಾಲ್ಕು ತರಿಸಿಡಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಯಂತ್ರದ ಗೂಡಿನಲ್ಲೇ ಕೂತು ಚಾರ್ಜ್ ಆಗುವ ಪೆನ್ನು ಒಳ್ಳೆಯದು. ಮಕ್ಕಳು ಪೆನ್ನನ್ನು ಮುರಿಯುವುದಕ್ಕಿಂತ ಕಳೆಯುವುದೇ ಹೆಚ್ಚು, ಬದಲಿ ಪೆನ್ನಿಗೆ ಸಾವಿರಗಟ್ಟಲೆ ಬೀಳುತ್ತದೆ.

ಯಾರಿಗೆ ಯಾವುದು

ಎಂಟರಿಂದ ಹತ್ತನೇ ತರಗತಿಯವರಿಗೆ ಲ್ಯಾಪ್‌ಟಾಪೇ ಬೇಕೆಂದಿಲ್ಲ. ಎಸ್ ಪೆನ್ ಡಬ್ಬದಲ್ಲೇ ಬರುವ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್, ಎಸ್9 ಎಫ್‌ಇ ಥರದ್ದು ಸಾಕು. ಅದೇ ಗ್ಯಾಲಕ್ಸಿ ಹೆಸರಿನ ಟ್ಯಾಬ್ ಎ9ಕ್ಕೆ ಎಸ್ ಪೆನ್ ನಡೆಯುವುದಿಲ್ಲ. ಅಗ್ಗವೆಂದು ಅದನ್ನು ತಂದರೆ ಪೆನ್ನಿನ ಆಸೆ ಬಿಡಬೇಕು. ಪಿಯುಸಿ ವಿಜ್ಞಾನದವರಿಗೂ ಟ್ಯಾಬ್ ನಡೆಯುತ್ತದೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಪ್ರೋಗ್ರಾಂ ಬರೆಯುವವರು, ಮುಂದೆ ಡಿಪ್ಲೊಮಾ ಇಲ್ಲವೇ ಎಂಜಿನಿಯರಿಂಗ್‌ಗೆ ಹೋಗುವವರು ಮಾತ್ರ ವಿಂಡೋಸ್ ಯಂತ್ರ ನೋಡಲಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಈಗಲೂ ಕಾಗದದ ಮೇಲೇ. ಯಂತ್ರ ಬಂತೆಂದು ಕಾಗದದ ಮೇಲೆ ಬರೆಯುವ ರೂಢಿ ಬಿಡಿಸಬೇಡಿ.

ವಿಂಡೋಸ್‌ನಲ್ಲಿ ಎರಡು ನಮೂನೆ. ಕೀಬೋರ್ಡ್ ಹಿಂದಕ್ಕೆ ಮಡಚುವಂಥದ್ದು, ಕೀಬೋರ್ಡ್ ಕಳಚುವಂಥದ್ದು. ಕಳಚುವಂಥದ್ದು ಕೈಯಲ್ಲಿ ಹಗುರ. ಆದರೆ ಅದನ್ನು ನಿಲ್ಲಿಸಲು ಹಿಂದಿನ ಊರುಗೋಲಿಗೆ ಜಾಗ ಬೇಕು, ಶಾಲೆಯ ಕಿರಿದಾದ ಡೆಸ್ಕಿನಲ್ಲಿ ಅದು ಜಾರುತ್ತದೆ. ಸರ್ಫೇಸ್ ಪ್ರೋದಂಥವಕ್ಕೆ ಕೀಬೋರ್ಡೂ ಪೆನ್ನೂ ಸಾಮಾನ್ಯವಾಗಿ ಬೇರೆಯೇ ಕೊಳ್ಳಬೇಕು, ಬೆಲೆ ಕೂಡಿಸಿ ನೋಡಿ. ಶಾಲೆಗೆ ಮಡಚುವ ನಮೂನೆಯೇ ವಾಸಿ ಎನ್ನುವುದು ನಮ್ಮ ಅಭಿಪ್ರಾಯ. ತೂಕ ಒಂದೂವರೆ ಕಿಲೋ ದಾಟದಿರಲಿ. ಪಾಟಿಚೀಲದ ಭಾರದ ಮೇಲೆ ಇದೂ ಸೇರಿ, ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ನಿಂತು ಬರುವ ಮಕ್ಕಳಿದ್ದಾರೆ.

ಪರದೆಯ ಉದ್ದಗಲ ಪುಟ ಬರೆಯುವವರಿಗೆ ಮುಖ್ಯ. ಎ4 ಹಾಳೆ 21 ಸೆಂ.ಮೀ. ಅಗಲ. 13.3 ಇಂಚಿನ 16:9 ಪರದೆಯನ್ನು ಉದ್ದಕ್ಕೆ ಹಿಡಿದರೆ ಅಗಲ ಸಿಗುವುದು ಹದಿನಾರೂವರೆ ಸೆಂ.ಮೀ. ಮಾತ್ರ, 13.5 ಇಂಚಿನ 3:2 ಪರದೆಯಲ್ಲಿ 19. ಸಮೀಕರಣವೊಂದು ಸಾಲು ಮುರಿಯದೆ ಹಿಡಿಯುತ್ತದೋ ಇಲ್ಲವೋ ಎಂಬುದು ಈ ಎರಡೂವರೆ ಸೆಂ.ಮೀ.ಯಲ್ಲೇ ತೀರ್ಮಾನವಾಗುತ್ತದೆ.

ಅಂಗಡಿಯಲ್ಲಿ ಬರೆದು ನೋಡುವುದು

ಬರೆಯುವ ಮಗುವನ್ನೇ ಕರೆದುಕೊಂಡು ಹೋಗಿ, ಕೂರಿಸಿ ಬರೆಸಿ. ಪರದೆಯ ಮೇಲೆ ಅಂಗೈ ಪೂರ್ತಿ ಊರಿ, ನೋಟ್‌ಬುಕ್ಕಿನ ಅಕ್ಷರದಷ್ಟೇ ಸಣ್ಣದಾಗಿ ‘ರಾಷ್ಟ್ರ’, ‘ಲಕ್ಷ್ಮೀ’, ‘ಸ್ವಾತಂತ್ರ್ಯ’ ಎಂದು ವೇಗವಾಗಿ ಬರೆಯಲಿ. ಇಂಗ್ಲಿಷ್ ಅಕ್ಷರ ಚೆನ್ನಾಗಿ ಬಂದ ಪರದೆಯಲ್ಲೂ ನಮ್ಮ ಒತ್ತಕ್ಷರ ಕಲಸಿಹೋಗುವುದುಂಟು. ಒತ್ತು ಸಣ್ಣದು, ಸುತ್ತು ಜಾಸ್ತಿ, ಪೆನ್ನು ಹಿಂದೆ ಬಿದ್ದರೆ ಸುತ್ತುಗಳೆಲ್ಲ ಮೂಲೆಯಾಗುತ್ತವೆ.

ಆಮೇಲೆ ಸ್ಕೇಲ್ ಇಟ್ಟು ಓರೆಗೆರೆ ಎಳೆಯಿರಿ, ಬಹಳ ನಿಧಾನವಾಗಿ, ಹತ್ತು ಸೆಂ.ಮೀ.ಗೆ ನಾಲ್ಕೈದು ಸೆಕೆಂಡು. ಗೆರೆ ಅಲೆಯಲೆಯಾಗಿ ಬಂದರೆ ರೇಖಾಗಣಿತದ ಚಿತ್ರಕ್ಕೆ ಆ ಪರದೆ ಬೇಡ. ಎಂಪಿಪಿ, ಎಇಎಸ್ ಪರದೆಗಳಲ್ಲಿ ಇದು ಹೆಚ್ಚು, ಇಎಂಆರ್‌ನಲ್ಲಿ ಕಡಿಮೆ. ಮೂರನೆಯದು ಚುಕ್ಕೆ. 3.05, 0.7 ಎಂದು ಹಗುರವಾಗಿ ಬರೆದಾಗ ದಶಮಾಂಶ ಬಿಂದು ತಪ್ಪಿಹೋಗುತ್ತದೆಯೇ ನೋಡಿ. ಪೆನ್ನು ಎಚ್ಚರಾಗಲು ಜಾಸ್ತಿ ಒತ್ತಡ ಬೇಕಿದ್ದರೆ ಬಿಂದುವೇ ಮೊದಲು ಹೋಗುವುದು, ಲೆಕ್ಕವೇ ತಪ್ಪು. ನಾಲ್ಕು ಮೂಲೆಗಳಲ್ಲೂ ಬರೆಸಿ. ಕೊನೆಗೆ ಚಾರ್ಜರ್ ಚುಚ್ಚಿ ಇದೆಲ್ಲವನ್ನೂ ಇನ್ನೊಮ್ಮೆ.

ಆನ್‌ಲೈನಿನಲ್ಲಿ ತರಿಸುವುದಾದರೆ ಈ ಪರೀಕ್ಷೆ ಡಬ್ಬ ಬಿಚ್ಚಿದ ದಿನವೇ ಆಗಲಿ. ವಾಪಸ್ ಕೊಡುವ ಗಡುವು ಬೇಗ ಮುಗಿಯುತ್ತದೆ.

ಒಳಗೇನಿರಬೇಕು

ರ್‍ಯಾಮ್ 8 ಜಿಬಿಗೆ ಕಡಿಮೆ ಬೇಡ. ಈ ನಮೂನೆಯಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುವುದು ಸಾಮಾನ್ಯ, ಆಮೇಲೆ ಏರಿಸಲಾಗದು. ಸಂಗ್ರಹಕ್ಕೆ 256 ಜಿಬಿ ಎಸ್‌ಎಸ್‌ಡಿ. 64 ಜಿಬಿ ಇಎಂಎಂಸಿ (ಎಸ್‌ಎಸ್‌ಡಿಗಿಂತ ನಿಧಾನದ ಸಂಗ್ರಹ) ಇರುವ ಅಗ್ಗದ ವಿಂಡೋಸ್ ಯಂತ್ರ ಎಷ್ಟೇ ರಿಯಾಯಿತಿಯಲ್ಲಿ ಬಂದರೂ ಬಿಡಿ, ಅಪ್‌ಡೇಟಿಗೇ ಜಾಗ ಸಾಲದೆ ಒದ್ದಾಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಬೇಕಾದ್ದು ಪ್ರೊಸೆಸರ್ ತಲೆಮಾರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಮೇಲಿನದು ಬೇಕು. ಥಿಂಕ್‌ಪ್ಯಾಡ್ ಯೋಗಾ 370 ಮತ್ತು ಎಕ್ಸ್380 ಯೋಗಾ ನೋಡಲು ಅಣ್ಣ ತಮ್ಮಂದಿರಂತಿವೆ. ಮೊದಲನೆಯದು ಏಳನೇ ತಲೆಮಾರು, ಎರಡನೆಯದು ಎಂಟನೆಯದು. ಬ್ಯಾಟರಿ ಎಷ್ಟು ಸವೆದಿದೆ ಎಂದು ವಿಂಡೋಸ್ ಕೊಡುವ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ 50,000 ಇದ್ದದ್ದು ಫುಲ್ ಚಾರ್ಜ್‌ನಲ್ಲಿ 35,000 ಎಂದಿದ್ದರೆ ಶೇ 30ರಷ್ಟು ಹೋಗಿದೆ ಎಂದು ಲೆಕ್ಕ. ಯಂತ್ರವನ್ನು ಸಪಾಟು ಮೇಜಿನ ಮೇಲಿಟ್ಟಾಗ ಅಲ್ಲಾಡಿದರೆ, ಅಥವಾ ಪರದೆಯ ಅಂಚು ಎದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಅಂಥದ್ದು ಬೇಡವೇ ಬೇಡ.

ನೆಟ್‌ವರ್ಕ್ ಬಂದು ಹೋಗುವ ಹಳ್ಳಿಯಲ್ಲಿದ್ದರೆ ಹೆಚ್ಚಾಗಿ ಇಂಟರ್‌ನೆಟ್ ನೆಚ್ಚುವ ಕ್ರೋಮ್‌ಬುಕ್‌ಗಿಂತ ವಿಂಡೋಸ್ ವಾಸಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳು ಪುಕ್ಕಟೆ ಸಿಗುತ್ತವೆ. ಸಿಗ್ನಲ್ ಇರುವಲ್ಲಿ ಇಳಿಸಿಟ್ಟುಕೊಂಡು, ಉಚಿತವಾದ ಕ್ಸೋರ್ನಲ್ ಪ್ಲಸ್ ಪ್ಲಸ್ (Xournal++) ತಂತ್ರಾಂಶದಲ್ಲಿ ತೆರೆದು ಪಾಠದ ಮೇಲೇ ಬರೆಯಬಹುದು. ಒನ್‌ನೋಟ್ ಬಳಸುವವರು ‘ಡ್ರಾ ವಿತ್ ಟಚ್’ ಆಫ್ ಮಾಡಿಟ್ಟರೆ ಬೆರಳಿನ ಗೀಚು ತಪ್ಪುತ್ತದೆ. ಆಂಡ್ರಾಯ್ಡ್ ಟ್ಯಾಬ್‌ನಲ್ಲಿ ಜಿಬೋರ್ಡ್ ಕನ್ನಡ ಕೈಬರಹವನ್ನು ಗುರುತಿಸಿ ಅಚ್ಚಿನ ಅಕ್ಷರ ಮಾಡಿಕೊಡುತ್ತದೆ.

ಮಳೆ, ಉಪ್ಪುಗಾಳಿ, ಅರ್ಥಿಂಗ್

ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿಗೆ ಚಾರ್ಜಿಂಗ್ ಪೋರ್ಟಿನ ಒಳಗೆ ಹಸಿರು ಹಿಡಿಯುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಮಳೆಗಾಲಕ್ಕೆ ಚೀಲಕ್ಕೇ ಬೂಸ್ಟು. ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುವ ಪೋರ್ಟು ಎರಡಿರುವ ಯಂತ್ರ ತೆಗೆದುಕೊಂಡರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಯಂತ್ರವನ್ನು ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆದರೆ ಬಿಸಿ ಇರುವಾಗಲೇ ಮುಚ್ಚಿಡಬೇಡಿ. ಎಸಿ ಕೋಣೆಯಿಂದ ಹೊರಬಂದ ಕೂಡಲೇ ತೆರೆದರೆ ತಣ್ಣನೆಯ ಮೈ ಮೇಲೆ ನೀರು ಕೂರುತ್ತದೆ. ಹದಿನೈದು ನಿಮಿಷ ಚೀಲದಲ್ಲೇ ಇರಲಿ. ಕಡಲತೀರದ ಮರಳು ಅಂಗೈಗೆ ಅಂಟಿದ್ದರೆ ಬರೆಯುವಾಗ ಪರದೆಗೆ ಗೀರು ಬೀಳುತ್ತದೆ, ಕೈ ಒರೆಸಿಕೊಂಡೇ ಕೂರಲಿ. ಕಾಗದದಂತೆ ಒರಟಿರುವ ಮ್ಯಾಟ್ ಹಾಳೆ ಅಂಟಿಸಿದರೆ ಬರೆಯಲು ಹಿತ, ಆದರೆ ಪೆನ್ನಿನ ತುದಿ ಬೇಗ ಸವೆಯುತ್ತದೆ.

ಚಾರ್ಜಿಗೆ ಹಾಕಿದಾಗ ಮಾತ್ರ ಪೆನ್ನು ನಡುಗಿದರೆ, ತಾನಾಗಿ ಪುಟ ಸರಿದರೆ, ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ ಯಂತ್ರ ಕೆಟ್ಟಿದೆ ಎಂದು ಓಡಬೇಡಿ. ಎಷ್ಟೋ ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಅರ್ಥಿಂಗ್ ತಂತಿ ಇರುವುದಿಲ್ಲ, ಇಲ್ಲವೇ ಬಂದಿದ್ದರೂ ನೆಲದ ಅರ್ಥಿಂಗ್ ಗುಂಡಿಗೆ ಸೇರಿರುವುದಿಲ್ಲ. ಚಾರ್ಜರಿನ ವಿದ್ಯುತ್ ಗದ್ದಲ (ನಾಯ್ಸ್) ನೆಲಕ್ಕಿಳಿಯಲು ದಾರಿಯಿಲ್ಲದೆ ಪರದೆಗೆ ಬರುತ್ತದೆ. ಮೊದಲು ಚಾರ್ಜರ್ ತೆಗೆದು ಬರೆದು ನೋಡಿ, ಸರಿಹೋದರೆ ವೈರ್‌ಮನ್ ಕರೆಸಿ. ಯಂತ್ರದ ಜೊತೆ ಬಂದ ಚಾರ್ಜರ್ ಬಿಟ್ಟು ಅಗ್ಗದ ಬದಲಿ ಬಳಸಿದರೂ ಇದೇ ಕಾಟ. ಗುಡುಗು ಶುರುವಾದರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ.

ಬಿಲ್ ಮಾಡಿಸುವ ಮೊದಲು ಇನ್ನೊಂದು ಕೇಳಿ: ವಾರಂಟಿ ಮನೆಗೆ ಬಂದು ಮಾಡುವಂಥದ್ದೋ, ನಾವೇ ಒಯ್ದು ಕೊಡುವಂಥದ್ದೋ. ಒಯ್ಯುವಂಥದ್ದಾದರೆ ಆ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರದಲ್ಲಿ ಎಲ್ಲಿದೆ ಎಂದು ವಿಳಾಸ ಬರೆಸಿಕೊಳ್ಳಿ. ಅದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಆದರೆ ಒಂದು ರಿಪೇರಿಗೆ ಒಯ್ಯಲು ಒಂದು ದಿನ, ತರಲು ಇನ್ನೊಂದು ದಿನ. ಪೆನ್ನು ವಾರಂಟಿಯಲ್ಲಿ ಸೇರಿದೆಯೇ, ಪರದೆ ಒಡೆದರೆ ಯಾರ ಖರ್ಚು ಎಂಬುದನ್ನೂ ಬಿಲ್ಲಿನ ಹಿಂದೆ ಬರೆಸಿಕೊಂಡು ಸಹಿ ಹಾಕಿಸಿ.